ಡ್ರೈ ಐಸ್ ಕ್ಲೌಡ್ ಚೇಂಬರ್ ಕಟ್ಟಿ ಮ್ಯುಯಾನ್ ಹುಡುಕುವುದು ಹೇಗೆ

ಸಮುದ್ರಮಟ್ಟದಲ್ಲಿ ನೆಲಕ್ಕೆ ಸಮನಾಗಿ ಹಿಡಿದ ಪ್ರತಿ ಚದರ ಸೆಂಟಿಮೀಟರಿನ ಮೂಲಕ ನಿಮಿಷಕ್ಕೆ ಸುಮಾರು ಒಂದು ಮ್ಯುಯಾನ್ ಕಣ ತೂರಿಹೋಗುತ್ತದೆ. ಇದು ಎಲೆಕ್ಟ್ರಾನಿಗಿಂತ 207 ಪಟ್ಟು ಭಾರ, ಇದರ ಸರಾಸರಿ ಆಯುಷ್ಯ 2.2 ಮೈಕ್ರೊಸೆಕೆಂಡ್. ನಾವು ಮುಟ್ಟುವ ಯಾವ ವಸ್ತುವಿನ ಪರಮಾಣುವಿನಲ್ಲೂ ಇದು ಇಲ್ಲ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟಿ ನೆಲದವರೆಗೆ ಬರುತ್ತದೆ. 1936ರಲ್ಲಿ ಅಮೆರಿಕದ ಕಾಲ್‌ಟೆಕ್‌ನಲ್ಲಿ ಕಾರ್ಲ್ ಆಂಡರ್ಸನ್ ಮತ್ತು ಸೇತ್ ನೆಡರ್‌ಮೇಯರ್ ಇದನ್ನು ಗುರುತಿಸಿದ್ದು ಕ್ಲೌಡ್ ಚೇಂಬರಿನ, ಅಂದರೆ ಕಣ ಸಾಗಿದ ದಾರಿಯನ್ನು ಹನಿಗಳ ಗೆರೆಯಾಗಿ ತೋರಿಸುವ ಪೆಟ್ಟಿಗೆಯ ಚಿತ್ರಗಳಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಆಂಡರ್ಸನ್ ಪಾಸಿಟ್ರಾನನ್ನು, ಅಂದರೆ ಎಲೆಕ್ಟ್ರಾನಿನ ಧನಾವೇಶದ ಜೋಡಿಯನ್ನು, ಕಂಡಿದ್ದೂ ಅದೇ ಬಗೆಯ ಉಪಕರಣದಲ್ಲಿ.

ಆ ಉಪಕರಣದ ಸರಳ ರೂಪವನ್ನು ಶಾಲೆಯ ಲ್ಯಾಬಿನಲ್ಲೋ ಮನೆಯಲ್ಲೋ ಒಂದು ಮಧ್ಯಾಹ್ನದಲ್ಲಿ ಕಟ್ಟಬಹುದು. ಕಟ್ಟುವುದು ಸುಲಭದ ಭಾಗ. ಕಂಡ ಗೆರೆ ಯಾವ ಕಣದ್ದು ಎಂದು ತೀರ್ಮಾನಿಸುವುದು ಕಷ್ಟದ ಭಾಗ, ಮತ್ತು ಬಹಳಷ್ಟು ವಿಡಿಯೊಗಳು ತಪ್ಪುವುದು ಅಲ್ಲಿಯೇ. ಆದ್ದರಿಂದ ಕಟ್ಟುವುದಕ್ಕೆ ಎಷ್ಟು ಜಾಗ ಕೊಟ್ಟಿದ್ದೇವೋ ಗೆರೆ ಓದುವುದಕ್ಕೂ ಅಷ್ಟೇ ಕೊಟ್ಟಿದ್ದೇವೆ.

ಒಳಗೆ ನಡೆಯುವುದೇನು

ಗಾಜಿನ ಪೆಟ್ಟಿಗೆಯ ಮೇಲ್ಭಾಗ ಕೋಣೆಯಷ್ಟೇ ಬೆಚ್ಚಗಿರುತ್ತದೆ. ತಳದ ಲೋಹದ ಹಾಳೆ ಡ್ರೈ ಐಸಿನ ಮೇಲೆ ಕೂತಿರುತ್ತದೆ. ಡ್ರೈ ಐಸ್ ಎಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಅದರ ತಾಪಮಾನ ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಮೇಲೆ ಕಟ್ಟಿದ ಫೆಲ್ಟ್ ಬಟ್ಟೆಯಿಂದ ಆಲ್ಕೊಹಾಲ್ ಆವಿಯಾಗಿ ನಿಧಾನಕ್ಕೆ ಕೆಳಗಿಳಿಯುತ್ತದೆ, ಇಳಿದಂತೆ ತಣ್ಣಗಾಗುತ್ತದೆ. ತಳದಿಂದ ಒಂದೆರಡು ಸೆಂ.ಮೀ. ಎತ್ತರದವರೆಗಿನ ಪದರದಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಆವಿ ತುಂಬಿಕೊಳ್ಳುತ್ತದೆ. ಅದು ಹನಿಯಾಗಲು ಒಂದು ನೆಪಕ್ಕಾಗಿ ಕಾಯುತ್ತಿರುತ್ತದೆ. ವಿದ್ಯುದಾವೇಶ ಇರುವ ಕಣವೊಂದು ಆ ಪದರದಲ್ಲಿ ಹಾದುಹೋದರೆ ದಾರಿಯುದ್ದಕ್ಕೂ ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅಯಾನುಗಳನ್ನು ಬಿಟ್ಟುಹೋಗುತ್ತದೆ. ಆವಿ ಆ ಅಯಾನುಗಳ ಸುತ್ತ ಹನಿಗಟ್ಟುತ್ತದೆ. ನಾವು ನೋಡುವುದು ಆ ಹನಿಗಳ ಸಾಲನ್ನು. ಕಣ ಅಷ್ಟರಲ್ಲಿ ಎಲ್ಲೋ ಹೋಗಿರುತ್ತದೆ.

ಸ್ಕಾಟ್ಲೆಂಡಿನ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1911ರಲ್ಲಿ ಗೆರೆಗಳನ್ನು ಕಂಡ ಚೇಂಬರ್ ಬೇರೆ ಬಗೆಯದು. ಗಾಳಿಯನ್ನು ಒಮ್ಮೆಲೇ ಹಿಗ್ಗಿಸಿ ತಣ್ಣಗೆ ಮಾಡುತ್ತಿದ್ದರಿಂದ ಕ್ಷಣಮಾತ್ರ ಕೆಲಸ ಮಾಡುತ್ತಿತ್ತು. ಇಲ್ಲಿ ವಿವರಿಸುವುದು ಡಿಫ್ಯೂಷನ್ ಚೇಂಬರ್, ಡ್ರೈ ಐಸ್ ಇರುವವರೆಗೂ ನಿಲ್ಲದೆ ನಡೆಯುತ್ತದೆ.

ಮೊದಲು ಜಾಗ್ರತೆ

ಡ್ರೈ ಐಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ದಪ್ಪ ಚರ್ಮದ ಅಥವಾ ಬಟ್ಟೆಯ ಗ್ಲೌಸ್ ಬೇಕು. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಥರ್ಮಾಸ್‌ನಲ್ಲಿ, ಬಾಟಲಿಯಲ್ಲಿ ಎಂದೂ ಇಡಬೇಡಿ. ಅನಿಲವಾದಾಗ ಒತ್ತಡ ಏರಿ ಸಿಡಿಯುತ್ತದೆ. ಅದರಿಂದ ಹೊರಡುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಕಿಟಕಿ ತೆರೆದಿರಲಿ, ಚಿಕ್ಕ ಮಕ್ಕಳೂ ಸಾಕುಪ್ರಾಣಿಗಳೂ ನೆಲದ ಮೇಲೆ ಆಡುವ ಕೋಣೆ ಬೇಡ. ಕಾರಿನಲ್ಲಿ ತರುವಾಗಲೂ ಗಾಜು ಇಳಿಸಿ. ಐಸೊಪ್ರೊಪೈಲ್ ಆಲ್ಕೊಹಾಲಿನ ಆವಿ ಕೋಣೆಯ ತಾಪಮಾನದಲ್ಲೇ ಬೆಂಕಿ ಹಿಡಿಯುತ್ತದೆ. ಒಲೆ, ಅಗರಬತ್ತಿ, ದೀಪ, ಹೇರ್ ಡ್ರೈಯರ್ ಯಾವುದೂ ಹತ್ತಿರ ಇರಬಾರದು. ಮಕ್ಕಳು ಮಾಡುವುದಾದರೆ ಡ್ರೈ ಐಸ್ ಮತ್ತು ಆಲ್ಕೊಹಾಲ್ ಎರಡನ್ನೂ ದೊಡ್ಡವರೇ ನಿಭಾಯಿಸಲಿ.

ಸಾಮಾನು

ಪೆಟ್ಟಿಗೆಗೆ 30 × 20 ಸೆಂ.ಮೀ. ತಳ, 15ರಿಂದ 20 ಸೆಂ.ಮೀ. ಎತ್ತರದ ಗಾಜಿನ ಅಕ್ವೇರಿಯಂ ಸರಿಹೊಂದುತ್ತದೆ. ಅಕ್ರಿಲಿಕ್ ಅಗ್ಗ, ಹಗುರ ಎಂದು ತೆಗೆದುಕೊಳ್ಳಬೇಡಿ. ಆಲ್ಕೊಹಾಲ್ ತಾಗುತ್ತಿದ್ದರೆ ಅದರಲ್ಲಿ ಕೂದಲೆಳೆಯ ಬಿರುಕುಗಳು ಮೂಡಿ ಮಬ್ಬಾಗುತ್ತದೆ. ಎತ್ತರ 20 ಸೆಂ.ಮೀ. ದಾಟಿದರೆ ಆವಿ ಕೆಳಗಿಳಿಯಲು ತುಂಬ ಹೊತ್ತು ಬೇಕು. 10ಕ್ಕಿಂತ ಕಡಿಮೆಯಾದರೆ ಮೇಲ್ಭಾಗವೂ ತಣ್ಣಗಾಗಿ ಫೆಲ್ಟ್‌ನಿಂದ ಆವಿ ಏಳುವುದೇ ನಿಲ್ಲುತ್ತದೆ.

ತಳಕ್ಕೆ 35 × 25 ಸೆಂ.ಮೀ. ಅಳತೆಯ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆ. ಇದು ಸಮತಟ್ಟಾಗಿರಬೇಕು, ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಕತ್ತರಿಸಿದಾಗ ಅಂಚು ಬಾಗಿದ್ದರೆ ಅಲ್ಲೇ ತಟ್ಟಿಸಿಕೊಳ್ಳಿ. ಮೇಲ್ಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬೇಕು. ಸಾಧಾರಣ ಸ್ಪ್ರೇ ಪೇಂಟ್ ಆಲ್ಕೊಹಾಲಿನಲ್ಲಿ ಕರಗಿ ಏಳಬಹುದು. ಶಾಖ ತಡೆಯುವ ಮ್ಯಾಟ್ ಕಪ್ಪು ಪೇಂಟನ್ನು ಬಳಿದು ಎರಡು ದಿನ ಒಣಗಿಸಿ, ಇಲ್ಲವೇ ಕಪ್ಪು ಆನೊಡೈಸ್ ಮಾಡಿಸಿ. ತುರ್ತಿಗೆ ಕಪ್ಪು ಇನ್ಸುಲೇಷನ್ ಟೇಪನ್ನು ಗುಳ್ಳೆ ಬಾರದಂತೆ ಪಕ್ಕಪಕ್ಕ ಅಂಟಿಸಿದರೂ ನಡೆಯುತ್ತದೆ.

ಫೆಲ್ಟ್: 3 ಮಿ.ಮೀ. ದಪ್ಪ, 4 ಸೆಂ.ಮೀ. ಅಗಲ, ಒಳಸುತ್ತಿಗೆ ಸಾಲುವಷ್ಟು ಉದ್ದ, ಅಂದರೆ ಸುಮಾರು ಒಂದು ಮೀಟರ್. ಇದನ್ನು ಅಂಟಿನಿಂದ ಹಚ್ಚಬೇಡಿ, ಅಂಟು ಆಲ್ಕೊಹಾಲಿಗೆ ಬಿಟ್ಟುಕೊಂಡು ಪಟ್ಟಿ ಕಳಚಿ ಬೀಳುತ್ತದೆ. ಗಾಜಿನ ಒಳಗೊಂದು ಹೊರಗೊಂದು ಚಿಕ್ಕ ನಿಯೋಡೈಮಿಯಂ ಮ್ಯಾಗ್ನೆಟ್ ಇಟ್ಟು ಫೆಲ್ಟನ್ನು ನಡುವೆ ಕಚ್ಚಿಸಿ. ಹತ್ತು ಜೋಡಿ ಸಾಕು.

ಆಲ್ಕೊಹಾಲ್ 99 ಶೇಕಡಾ ಅಥವಾ ಅದಕ್ಕಿಂತ ಶುದ್ಧವಾದ ಐಸೊಪ್ರೊಪೈಲ್ ಆಗಿರಬೇಕು. ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸಲು ಇಟ್ಟುಕೊಳ್ಳುವ ಐಪಿಎ ಇದೇ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಮೆಡಿಕಲ್ ಶಾಪಿನ 70 ಶೇಕಡಾ ಸ್ಯಾನಿಟೈಸರ್ ಕೆಲಸಕ್ಕೆ ಬಾರದು. ಅದರಲ್ಲಿನ ನೀರು ತಳದಲ್ಲಿ ಹೆಪ್ಪುಗಟ್ಟಿ ಬಿಳಿ ಪದರವಾಗಿ ಕೂರುತ್ತದೆ. ಒಂದು ಸಲಕ್ಕೆ 100 ಮಿ.ಲೀ. ಇಟ್ಟುಕೊಂಡರೆ ಧಾರಾಳ.

ಡ್ರೈ ಐಸ್ 5 ಕಿಲೋ ತರಿಸಿ. ಐಸ್‌ಕ್ರೀಮ್ ಸಾಗಿಸುವವರಿಗೆ, ಲ್ಯಾಬುಗಳಿಗೆ, ಮದುವೆ ಕಾರ್ಯಕ್ರಮಗಳಿಗೆ ಪೂರೈಸುವವರ ಬಳಿ ಸಿಗುತ್ತದೆ. ಅಕ್ಕಿಕಾಳಿನಂಥ ಉಂಡೆಗಳಿಗಿಂತ ಚಪ್ಪಟೆ ಹಲಗೆಯೇ ಉತ್ತಮ, 2ರಿಂದ 3 ಸೆಂ.ಮೀ. ದಪ್ಪ. ಉಂಡೆಗಳೇ ಸಿಕ್ಕರೆ ದಪ್ಪ ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಪುಡಿಮಾಡಿ ಸಮವಾಗಿ ಹರಡಿ. ಪ್ರಯೋಗದ ದಿನವೇ ತರಿಸಿ, ಥರ್ಮಾಕೋಲ್ ಡಬ್ಬಿಯಲ್ಲಿದ್ದರೂ ಅದು ಕರಗದೆ ನೇರ ಅನಿಲವಾಗಿ ಹಾರಿಹೋಗುತ್ತಲೇ ಇರುತ್ತದೆ.

ಇವಲ್ಲದೆ ಥರ್ಮಾಕೋಲ್ ತಟ್ಟೆ, ಬಾಗಿಲಿನ ಸಂದಿಗೆ ಹಚ್ಚುವ ಫೋಮ್ ಟೇಪ್, ಕಿರಿದಾದ ಬೆಳಕು ಚೆಲ್ಲುವ ಬಿಳಿ ಎಲ್‌ಇಡಿ ಟಾರ್ಚ್, ಸ್ಟೀಲ್ ಸ್ಕೇಲ್, ಮತ್ತು ಕೊನೆಯ ಪರೀಕ್ಷೆಗೆ 10 ಸೆಂ.ಮೀ. ಉದ್ದ, 2 ಸೆಂ.ಮೀ. ಎತ್ತರ, 5 ಮಿ.ಮೀ. ದಪ್ಪದ ಸೀಸದ ಪಟ್ಟಿ. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯಲು ಹೋಗಬೇಡಿ, ಅದರಲ್ಲಿ ಗಂಧಕಾಮ್ಲ ಇರುತ್ತದೆ.

ಜೋಡಿಸುವ ಕ್ರಮ

ಗಾಜನ್ನು ಒಳಗೂ ಹೊರಗೂ ಒರೆಸಿ, ಎಳೆ ಬಿಡದ ಬಟ್ಟೆಯಿಂದ. ಅಕ್ವೇರಿಯಂ ಬೋರಲಾಗಿ ಕೂರುವುದರಿಂದ ಅದರ ತಳವೇ ಈಗ ಮೇಲ್ಛಾವಣಿ. ಫೆಲ್ಟ್ ಪಟ್ಟಿಯನ್ನು ಆ ಛಾವಣಿಗೆ ಅಂಟಿದಂತೆ ಒಳಗೋಡೆಯ ಸುತ್ತ ಕಚ್ಚಿಸಿ. ಬಾಯಿಯ ಅಂಚಿಗೆ ಫೋಮ್ ಟೇಪ್ ಹಚ್ಚಿ. ಫೆಲ್ಟಿಗೆ 50ರಿಂದ 60 ಮಿ.ಲೀ. ಆಲ್ಕೊಹಾಲ್ ಸಮವಾಗಿ ಕುಡಿಸಿ, ಬೋರಲು ಹಾಕಿ ಒಂದು ನಿಮಿಷ ಹಿಡಿಯಿರಿ. ಹನಿ ತೊಟ್ಟಿಕ್ಕುತ್ತಿದ್ದರೆ ಹೆಚ್ಚಾಗಿದೆ, ಬಟ್ಟೆಯಿಂದ ಒತ್ತಿ ತೆಗೆಯಿರಿ.

ಥರ್ಮಾಕೋಲ್ ತಟ್ಟೆಯಲ್ಲಿ ಡ್ರೈ ಐಸ್ ಹಲಗೆ ಇಡಿ. ಅದರ ಮೇಲೆ 20 ಮಿ.ಲೀ. ಆಲ್ಕೊಹಾಲ್ ನಿಧಾನಕ್ಕೆ ಸುರಿಯಿರಿ. ಬುಸುಗುಟ್ಟಿ ಕುದಿಯುತ್ತದೆ, ಮುಖ ಹತ್ತಿರ ಬೇಡ. ಐಸಿಗೂ ಲೋಹಕ್ಕೂ ನಡುವೆ ಉಳಿಯುವ ಗಾಳಿಯ ಸಂದುಗಳನ್ನು ಈ ತಣ್ಣನೆಯ ದ್ರವ ತುಂಬುತ್ತದೆ. ಇಡೀ ಜೋಡಣೆಯಲ್ಲಿ ಇಷ್ಟು ಚಿಕ್ಕ ಕೆಲಸದಿಂದ ಇಷ್ಟು ದೊಡ್ಡ ಲಾಭ ಬೇರೆಲ್ಲೂ ಇಲ್ಲ. ಕಪ್ಪು ಬದಿ ಮೇಲೆ ಬರುವಂತೆ ಹಾಳೆ ಇಟ್ಟು ಒತ್ತಿ. ಹಾಳೆಯ ಮೇಲೆ 5ರಿಂದ 10 ಮಿ.ಲೀ. ಆಲ್ಕೊಹಾಲ್ ಹರಡಿ, ತೆಳುವಾಗಿ ಒದ್ದೆಯಾದ ಕಪ್ಪು ಇನ್ನೂ ಗಾಢವಾಗಿ ಕಾಣುತ್ತದೆ. ಕೂಡಲೇ ಪೆಟ್ಟಿಗೆಯನ್ನು ಬೋರಲು ಇಡಿ. ತಡಮಾಡಿದರೆ, ಅದರಲ್ಲೂ ಮಳೆಗಾಲದಲ್ಲಿ, ಗಾಳಿಯ ತೇವ ಹಾಳೆಯ ಮೇಲೆ ಬಿಳಿ ಹರಳಾಗಿ ಕೂತುಬಿಡುತ್ತದೆ.

ಛಾವಣಿಯ ಮೇಲೆ ಅರ್ಧ ಲೀಟರ್ ಉಗುರುಬೆಚ್ಚಗಿನ ನೀರು ತುಂಬಿದ ಜಿಪ್ ಚೀಲ ಇಡಿ, 40 ಡಿಗ್ರಿ ಸಾಕು. ಆವಿ ಹೆಚ್ಚು ಏಳುತ್ತದೆ, ಗಾಜು ಮಂಜಾಗುವುದೂ ತಪ್ಪುತ್ತದೆ. ಫ್ಯಾನ್ ಆರಿಸಿ, ಕೋಣೆ ಕತ್ತಲೆ ಮಾಡಿ. ಕಿಟಕಿ ತೆರೆದಿರಲಿ, ಗಾಳಿ ನೇರವಾಗಿ ಪೆಟ್ಟಿಗೆಗೆ ಬೀಸದಂತೆ ರಟ್ಟಿನ ಅಡ್ಡ ಇಡಿ. ಟಾರ್ಚನ್ನು ಒಂದು ಪಕ್ಕದಿಂದ, ಹಾಳೆಗೆ ಸಮಾನಾಂತರವಾಗಿ, ಕೆಳಗಿನ 2 ಸೆಂ.ಮೀ. ಮಾತ್ರ ಬೆಳಗುವಂತೆ ಹಿಡಿಯಿರಿ. ನೀವು ಟಾರ್ಚಿನ ಎದುರು ಪಕ್ಕದಲ್ಲಿ ನಿಂತು 30ರಿಂದ 40 ಡಿಗ್ರಿ ಮೇಲಿನಿಂದ ನೋಡಬೇಕು. ಚಿಕ್ಕ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆದುರಿಸುತ್ತವೆ, ಟಾರ್ಚಿನ ಪಕ್ಕದಲ್ಲೇ ನಿಂತರೆ ಅರ್ಧದಷ್ಟೂ ಕಾಣುವುದಿಲ್ಲ.

ಮೊದಲ ಕೆಲವು ನಿಮಿಷ ಏನೂ ಇರುವುದಿಲ್ಲ. ಆಮೇಲೆ ಬೆಳಕಿನ ಪಟ್ಟಿಯೊಳಗೆ ಸಣ್ಣ ತುಂತುರು ಶುರುವಾಗುತ್ತದೆ, ಪ್ರತಿ ಹನಿಯೂ ಮಿನುಗುತ್ತ ತಳಕ್ಕೆ ಇಳಿಯುತ್ತದೆ. ಒಳಗಿದ್ದ ಧೂಳಿನ ಕಣಗಳು ಹನಿಗಳಿಗೆ ಬೀಜವಾಗಿ ಹೀಗೆ ತೊಳೆದುಹೋಗಬೇಕು. ಹತ್ತರಿಂದ ಹದಿನೈದು ನಿಮಿಷಕ್ಕೆ ತುಂತುರು ತೆಳುವಾಗಿ, ಅದರ ನಡುವೆ ಬಿಳಿ ಗೆರೆಗಳು ಥಟ್ಟನೆ ಮೂಡತೊಡಗುತ್ತವೆ. ಒಂದೊಂದೂ ಒಂದೆರಡು ಸೆಕೆಂಡ್ ನಿಂತು, ಅಗಲವಾಗಿ, ಮೆಲ್ಲಗೆ ಕುಸಿದು ಮಾಯವಾಗುತ್ತದೆ.

ಗೆರೆ ಬಾರದಿದ್ದರೆ

ಇಪ್ಪತ್ತು ನಿಮಿಷವಾದರೂ ಬರೀ ತುಂತುರೇ ಇದ್ದರೆ ತಳ ಸಾಕಷ್ಟು ತಣ್ಣಗಾಗಿಲ್ಲ ಎಂದೇ ಮೊದಲು ಅನುಮಾನಿಸಿ. ಹಾಳೆಯ ಮೇಲ್ಮೈ ಸುಮಾರು ಮೈನಸ್ 26 ಡಿಗ್ರಿಗಿಂತ ಕೆಳಗಿರಬೇಕು. ಹಾಳೆಯ ಹೊರಚಾಚಿದ ಅಂಚು ನೋಡಿ: ಒಂದು ಮೂಲೆಯಲ್ಲಿ ಮಾತ್ರ ಹಿಮ ಕಟ್ಟದಿದ್ದರೆ ಅಲ್ಲಿ ಐಸ್ ತಾಗುತ್ತಿಲ್ಲ. ಪುಡಿ ಐಸ್ ತುರುಕಿ, ಇನ್ನೊಂದಿಷ್ಟು ಆಲ್ಕೊಹಾಲ್ ಬಿಡಿ.

ತುಂತುರೂ ಇಲ್ಲದಿದ್ದರೆ ಆವಿಯೇ ಸಾಲುತ್ತಿಲ್ಲ. ಫೆಲ್ಟ್ ಒಣಗಿರಬೇಕು ಅಥವಾ ಛಾವಣಿ ತಣ್ಣಗಾಗಿರಬೇಕು. ಕೈ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಬಿಸಿನೀರಿನ ಚೀಲ ಬದಲಿಸಿ.

ದಟ್ಟ ಮಂಜು ಒಂದು ಪಕ್ಕದಿಂದ ಒಳಗೆ ಸುಳಿಯುತ್ತಿದ್ದರೆ ಸೋರಿಕೆ. ಕಾಲು ಮಿಲಿಮೀಟರ್ ಸಂದಿ ಸಾಕು, ಹೊರಗಿನ ತೇವದ ಗಾಳಿ ನುಗ್ಗುತ್ತದೆ. ಫೋಮ್ ಟೇಪ್ ಚಳಿಗೆ ಗಟ್ಟಿಯಾಗಿ ಅಂಚು ಎತ್ತಿಕೊಂಡಿರಬಹುದು. ಹೊರಗಿನಿಂದ ಮಕ್ಕಳ ಮಾಡೆಲಿಂಗ್ ಕ್ಲೇ ಒತ್ತಿ ಮುಚ್ಚಿ.

ಗೆರೆಗಳು ಹುಟ್ಟುತ್ತಲೇ ಹಾವಿನಂತೆ ತಿರುಚಿಕೊಂಡರೆ ಒಳಗೆ ಗಾಳಿ ಸುತ್ತುತ್ತಿದೆ. ಟಾರ್ಚ್ ಗಾಜಿಗೆ ತೀರ ಹತ್ತಿರವಿದ್ದು ಒಂದು ಗೋಡೆ ಬಿಸಿಯಾಗಿರುತ್ತದೆ, ಅಥವಾ ಪೆಟ್ಟಿಗೆ ಓರೆಯಾಗಿ ಕೂತಿರುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ನೋಡಿಕೊಳ್ಳಿ.

ಎಲ್ಲ ಸರಿಯಿದ್ದೂ ಗೆರೆಗಳು ಮಸುಕಾಗಿದ್ದರೆ ಹಳೆಯ ಅಯಾನುಗಳು ಒಳಗೇ ಉಳಿದು ಆವಿಯನ್ನು ಕಬಳಿಸುತ್ತಿವೆ. ಪ್ಲಾಸ್ಟಿಕ್ ಸ್ಕೇಲನ್ನು ಉಣ್ಣೆ ಬಟ್ಟೆಗೆ ಉಜ್ಜಿ ಛಾವಣಿಯ ಮೇಲೆ ಕೆಲವು ಸೆಕೆಂಡ್ ಹಿಡಿದರೆ ಆ ವಿದ್ಯುತ್‌ಕ್ಷೇತ್ರ ಅವನ್ನು ಗುಡಿಸಿಬಿಡುತ್ತದೆ. ದೊಡ್ಡ ಚೇಂಬರುಗಳಲ್ಲಿ ಇದಕ್ಕೆ ನೂರಾರು ವೋಲ್ಟಿನ ತಂತಿಜಾಲ ಹಾಕುತ್ತಾರೆ. ಆಲ್ಕೊಹಾಲ್ ಆವಿಯ ಪಕ್ಕದಲ್ಲಿ ಕಿಡಿ ಹಾರುವ ಅಪಾಯವಿರುವುದರಿಂದ ಮನೆಯಲ್ಲಿ ಅದು ಬೇಡ.

ಚೇಂಬರ್ ಕೆಲಸ ಮಾಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಲು ಬಲೂನಿನ ಉಪಾಯ ಒಳ್ಳೆಯದು. ಬಲೂನ್ ಊದಿ, ಉಣ್ಣೆಗೆ ಚೆನ್ನಾಗಿ ಉಜ್ಜಿ, ಮುಚ್ಚಿದ ನೆಲಮಹಡಿಯ ಕೋಣೆಯಲ್ಲಿ 40 ನಿಮಿಷ ತೂಗುಹಾಕಿ. ಗ್ರಾನೈಟ್ ನೆಲದ ಕೋಣೆಯಾದರೆ ಇನ್ನೂ ಒಳ್ಳೆಯದು. ಕಲ್ಲು, ಮಣ್ಣಿನಿಂದ ಗಾಳಿಗೆ ಸೇರುವ ವಿಕಿರಣಶೀಲ ರೇಡಾನ್ ಅನಿಲ ಒಡೆದು ಹುಟ್ಟುವ ಮರಿಕಣಗಳು ಸ್ಥಾಯೀ ವಿದ್ಯುತ್ತಿಗೆ ಬಲೂನಿನ ಮೇಲೆ ಅಂಟುತ್ತವೆ. ಗಾಳಿ ಬಿಟ್ಟು ಮುದುಡಿದ ಬಲೂನನ್ನು ಚೇಂಬರಿನೊಳಗೆ ಇಟ್ಟರೆ ಅದರಿಂದ ದಪ್ಪ ಗೆರೆಗಳು ಸುತ್ತ ಚಿಮ್ಮುತ್ತವೆ; ಒಂದೆರಡು ಗಂಟೆಯಲ್ಲಿ ಬಹುಪಾಲು ನಿಂತುಹೋಗುತ್ತವೆ. ಒಣಹವೆಯಲ್ಲಿ ಚೆನ್ನಾಗಿ ಬರುತ್ತದೆ, ಮಳೆಗಾಲದಲ್ಲಿ ಬಲೂನಿನ ಮೇಲೆ ವಿದ್ಯುದಾವೇಶ ನಿಲ್ಲುವುದೇ ಇಲ್ಲ.

ಗೆರೆಗಳನ್ನು ಓದುವುದು

ದಪ್ಪಗೆ, ನೇರವಾಗಿ, ಕೆಲವೇ ಸೆಂ.ಮೀ. ಉದ್ದಕ್ಕೆ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಒತ್ತಿ ಎಳೆದಂತೆ ಕಂಡರೆ ಅದು ಆಲ್ಫಾ ಕಣ, ಅಂದರೆ ಹೀಲಿಯಂ ನ್ಯೂಕ್ಲಿಯಸ್. ರೇಡಾನ್ ಮತ್ತು ಅದರ ಮರಿಗಳಿಂದ ಬರುತ್ತದೆ. ಸಾಧಾರಣ ಗಾಳಿಯಲ್ಲಿ ಇದರ ಓಟ 4ರಿಂದ 7 ಸೆಂ.ಮೀ., ಚೇಂಬರಿನ ತಣ್ಣನೆಯ, ಹೆಚ್ಚು ಸಾಂದ್ರವಾದ ಗಾಳಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ.

ತೆಳುವಾಗಿ, ಅಂಕುಡೊಂಕಾಗಿ, ಕೊನೆಯಲ್ಲಿ ಸುರುಳಿ ಸುತ್ತಿಕೊಳ್ಳುವುದು ಕಡಿಮೆ ಶಕ್ತಿಯ ಎಲೆಕ್ಟ್ರಾನ್. ಇವೇ ಅತಿ ಹೆಚ್ಚು. ಗೋಡೆಯ ಇಟ್ಟಿಗೆ, ಕಾಂಕ್ರೀಟು, ನೆಲದ ಕಲ್ಲಿನಲ್ಲಿರುವ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂಗಳಿಂದ ಹೊರಡುವ ಗಾಮಾ ಕಿರಣಗಳು ಇವನ್ನು ಹೊಡೆದೆಬ್ಬಿಸುತ್ತವೆ.

ತೆಳುವಾಗಿ, ನೇರವಾಗಿ, ಚೇಂಬರಿನ ಆಚೆಯಿಂದ ಈಚೆಗೆ ದಾಟುವ ಗೆರೆಗೆ ಎಲ್ಲರೂ ಮ್ಯುಯಾನ್ ಎಂದು ಹೆಸರಿಟ್ಟುಬಿಡುತ್ತಾರೆ. ಇಲ್ಲಿ ನಿಂತು ಲೆಕ್ಕ ಹಾಕಬೇಕು.

ಪೆಟ್ಟಿಗೆ ಮುಚ್ಚಿದ ಹಾಳೆಯ 600 ಚದರ ಸೆಂ.ಮೀ. ಮೂಲಕ ನಿಮಿಷಕ್ಕೆ ಸುಮಾರು 600 ಮ್ಯುಯಾನ್ ಹಾದುಹೋಗುತ್ತವೆ ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ನೆತ್ತಿಯ ಕಡೆಯಿಂದ ಬರುತ್ತವೆ. ಗೆರೆ ಮೂಡುವ ಪದರವೋ ಅಡ್ಡಲಾಗಿ ಮಲಗಿದೆ, ಅದರ ದಪ್ಪ ಒಂದೇ ಸೆಂ.ಮೀ. ಎಂದುಕೊಳ್ಳಿ. ನೇರ ಕೆಳಗಿಳಿಯುವ ಮ್ಯುಯಾನ್ ಬಿಡುವ ಗೆರೆಯೂ ಒಂದೇ ಸೆಂ.ಮೀ., ಮೇಲಿನಿಂದ ನೋಡುವವರಿಗೆ ಚುಕ್ಕೆ. ಉದ್ದ ಗೆರೆ ಬೇಕಾದರೆ ಮ್ಯುಯಾನ್ ತುಂಬ ಓರೆಯಾಗಿ ಬರಬೇಕು, ಹಾಗೆ ಬರುವವು ವಿರಳ. ಮ್ಯುಯಾನುಗಳ ತೀವ್ರತೆ ನೆತ್ತಿಯಿಂದ ವಾಲಿದ ಕೋನದ ಕೊಸೈನ್ ವರ್ಗದಂತೆ ಇಳಿಯುತ್ತದೆ. ಅದನ್ನು ಹಾಳೆಯ ಮೇಲೆ ಒಟ್ಟುಗೂಡಿಸಿದರೆ ಒಂದು ಸರಳ ಸೂತ್ರ ಸಿಗುತ್ತದೆ: ಒಂದು ನಿಗದಿತ ಉದ್ದಕ್ಕಿಂತ ಉದ್ದವಾದ ಗೆರೆಗಳ ಪಾಲು ಎಂದರೆ, ಪದರದ ದಪ್ಪವನ್ನು ಆ ಉದ್ದದಿಂದ ಭಾಗಿಸಿ ಬಂದದ್ದರ ನಾಲ್ಕನೇ ಘಾತ.

1 ಸೆಂ.ಮೀ. ಪದರದಲ್ಲಿ 3 ಸೆಂ.ಮೀ. ದಾಟುವ ಗೆರೆಗಳು 81ರಲ್ಲಿ ಒಂದು, ಅಂದರೆ ನಿಮಿಷಕ್ಕೆ ಏಳು. 5 ಸೆಂ.ಮೀ. ದಾಟುವವು 625ರಲ್ಲಿ ಒಂದು, ನಿಮಿಷಕ್ಕೆ ಸುಮಾರು ಒಂದು. 10 ಸೆಂ.ಮೀ. ದಾಟುವವು ಹತ್ತು ಸಾವಿರಕ್ಕೆ ಒಂದು, ಹದಿನೇಳು ನಿಮಿಷಕ್ಕೊಮ್ಮೆ. ಪದರ 2 ಸೆಂ.ಮೀ. ಇದ್ದರೆ ಸಂಖ್ಯೆಗಳು 16 ಪಟ್ಟು ಏರುತ್ತವೆ. ಇದು ಅಂದಾಜು, ಪಕ್ಕದ ಗೋಡೆಯಿಂದ ನುಗ್ಗುವವನ್ನು ಸೇರಿಸಿಲ್ಲ. ಆದರೂ ನಿಮ್ಮ ಚೇಂಬರಿನಲ್ಲಿ ನಿಮಿಷಕ್ಕೆ ಹತ್ತಾರು ಉದ್ದ ಗೆರೆಗಳು ಕಾಣುತ್ತಿದ್ದರೆ ಅವುಗಳಲ್ಲಿ ಬಹುಪಾಲು ಮ್ಯುಯಾನ್ ಅಲ್ಲವೆಂದು ಹೇಳಲು ಇಷ್ಟು ಸಾಕು. ಅವು ವೇಗದ ಎಲೆಕ್ಟ್ರಾನುಗಳು.

ಗೆರೆಯ ದಪ್ಪ ನೋಡಿ ಎರಡನ್ನೂ ಬೇರ್ಪಡಿಸಲಾಗದು. ವೇಗವಾಗಿ ಸಾಗುವಾಗ ಎಲೆಕ್ಟ್ರಾನೂ ಮ್ಯುಯಾನೂ ಗಾಳಿಯಲ್ಲಿ ಹೆಚ್ಚುಕಡಿಮೆ ಒಂದೇ ಸಾಂದ್ರತೆಯ ಅಯಾನು ಬಿಡುತ್ತವೆ. ನೇರತೆ ಸ್ವಲ್ಪ ಸಹಾಯ ಮಾಡುತ್ತದೆ. ಗಾಳಿಯ ಅಣುಗಳಿಗೆ ತಾಗಿ ತಾಗಿ ಕಣದ ದಿಕ್ಕು ಬದಲಾಗುತ್ತದೆ: 20 ಸೆಂ.ಮೀ. ಸಾಗುವಷ್ಟರಲ್ಲಿ 1 ಎಂಇವಿ, ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆಸುಪಾಸಿನ ಎಲೆಕ್ಟ್ರಾನ್ ಹತ್ತು ಡಿಗ್ರಿ ಅಥವಾ ಅದಕ್ಕೂ ಹೆಚ್ಚು ವಾಲುತ್ತದೆ. 3 ಎಂಇವಿಯದು ಸುಮಾರು 4 ಡಿಗ್ರಿ. ನೆಲಮಟ್ಟದ ಮ್ಯುಯಾನಿನ ಸರಾಸರಿ ಶಕ್ತಿ 4,000 ಎಂಇವಿ. ಅದರ ವಾಲಿಕೆ ಒಂದು ಡಿಗ್ರಿಯ ನೂರನೇ ಒಂದು ಭಾಗಕ್ಕಿಂತ ಕಡಿಮೆ, ಅಳೆಯುವ ಮಾತೇ ಇಲ್ಲ. ವಿಡಿಯೊ ನಿಲ್ಲಿಸಿ ಗೆರೆಯ ಮೇಲೆ ಸ್ಕೇಲ್ ಇಡಿ. 20 ಸೆಂ.ಮೀ.ಗೆ ಒಂದೆರಡು ಮಿ.ಮೀ. ಬಾಗಿದ್ದರೂ ಎಲೆಕ್ಟ್ರಾನ್ ಎಂದೇ ಬರೆಯಿರಿ. ಬಾಗದಿದ್ದರೆ ಮಾತ್ರ ಅದು ಉಮೇದುವಾರ, ಅಷ್ಟೇ.

ಹಾಳೆಯ ಕೆಳಗೆ ಮ್ಯಾಗ್ನೆಟ್ ಇಟ್ಟು ಮ್ಯುಯಾನನ್ನು ಬಾಗಿಸುವ ಆಸೆ ಬಿಡಿ. 0.1 ಟೆಸ್ಲಾ ಕ್ಷೇತ್ರದಲ್ಲಿ 1,000 ಎಂಇವಿ ಮ್ಯುಯಾನಿನ ದಾರಿಯ ತ್ರಿಜ್ಯ 33 ಮೀಟರ್, 20 ಸೆಂ.ಮೀ.ಯಲ್ಲಿ ಆ ಬಾಗು ಕೂದಲಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು. ಆಂಡರ್ಸನ್ ಪಾಸಿಟ್ರಾನ್ ಕಂಡಾಗ ಬಳಸಿದ್ದು 1.5 ಟೆಸ್ಲಾ.

ಸೀಸದ ಪರೀಕ್ಷೆ

ನಂಬಬಹುದಾದ ಪರೀಕ್ಷೆ ಸೀಸದ್ದು. ಪಟ್ಟಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮೂರು ಸುತ್ತು ಸುತ್ತಿ. ಸೀಸದ ಮೇಲ್ಮೈಯಲ್ಲಿ ಪೊಲೋನಿಯಂ 210ರ ಕುರುಹು ಇದ್ದೇ ಇರುತ್ತದೆ, ಅದರ ಆಲ್ಫಾಗಳನ್ನು ಫಾಯಿಲ್ ತಡೆಯುತ್ತದೆ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಪಟ್ಟಿಯನ್ನು ಹಾಳೆಯ ನಡುವೆ ಅಂಚಿನ ಮೇಲೆ ನಿಲ್ಲಿಸಿ, ಚೇಂಬರ್ ಮತ್ತೆ ತಿಳಿಯಾಗಲು ಹತ್ತು ನಿಮಿಷ ಬಿಡಿ.

ಈಗ ಒಂದೇ ಬಗೆಯ ಗೆರೆಗಾಗಿ ಕಾಯಬೇಕು: ಪಟ್ಟಿಯ ಒಂದು ಬದಿಯಲ್ಲಿ ಒಳಹೊಕ್ಕು ಇನ್ನೊಂದು ಬದಿಯಲ್ಲಿ ಅದೇ ನೇರದಲ್ಲಿ ಹೊರಬಂದದ್ದು. ಕಲ್ಲು, ಗೋಡೆಗಳ ವಿಕಿರಣದಿಂದ ಬಂದ 3 ಎಂಇವಿ ಎಲೆಕ್ಟ್ರಾನ್ 5 ಮಿ.ಮೀ. ಸೀಸದಲ್ಲಿ ನಿಂತೇಹೋಗುತ್ತದೆ. ವಿಶ್ವಕಿರಣದ ಜೊತೆ ಬರುವ 20 ಎಂಇವಿ ಎಲೆಕ್ಟ್ರಾನ್ ದಾಟಿದರೂ ಹತ್ತಾರು ಡಿಗ್ರಿ ತಿರುಗುತ್ತದೆ, ಅಥವಾ ಫೋಟಾನುಗಳನ್ನು ಉಗುಳಿ ಶಕ್ತಿ ಕಳೆದುಕೊಳ್ಳುತ್ತದೆ. ಕೆಲವೊಮ್ಮೆ ಹೊರಬದಿಯಲ್ಲಿ ಎರಡು ಮೂರು ಗೆರೆಗಳ ಸಣ್ಣ ಪೊರಕೆ ಕಾಣುತ್ತದೆ. 4,000 ಎಂಇವಿ ಮ್ಯುಯಾನ್ ಆರೇಳು ಎಂಇವಿ ಮಾತ್ರ ಬಿಟ್ಟುಕೊಟ್ಟು, 0.2 ಡಿಗ್ರಿಯೂ ತಿರುಗದೆ ಸಾಗುತ್ತದೆ. ಆಂಡರ್ಸನ್ ಮತ್ತು ನೆಡರ್‌ಮೇಯರ್ ಮ್ಯುಯಾನಿನ ಬೆನ್ನು ಹತ್ತಿದ್ದೂ ಹೀಗೆಯೇ. ಅವರು ಚೇಂಬರಿನ ನಡುವೆ ಒಂದು ಸೆಂ.ಮೀ. ಪ್ಲಾಟಿನಂ ಇಟ್ಟು, ಎಲೆಕ್ಟ್ರಾನ್ ಕಳೆದುಕೊಳ್ಳಬೇಕಾದಷ್ಟು ಶಕ್ತಿಯನ್ನು ಕಳೆದುಕೊಳ್ಳದ ಕಣಗಳಿವೆ ಎಂದು ತೋರಿಸಿದರು.

ಇಂಥ ಗೆರೆ ಅಪರೂಪ. ಒಂದು ಗಂಟೆಯ ವಿಡಿಯೊದಲ್ಲಿ ಎರಡು ಮೂರು ಸಿಕ್ಕರೆ ಸಂತೋಷಪಡಿ, ಅವು ನಿಜವಾದವು.

ಎರಡು ಗೆರೆಯ ಕವಲು

ಒಂದೇ ಬಿಂದುವಿನಿಂದ ಎರಡು ಗೆರೆ ಕವಲೊಡೆದದ್ದು ಕಂಡಾಗ ಹೊಸ ಕಣದ ಕನಸು ಬೀಳುವುದು ಸಹಜ. 1947ರಲ್ಲಿ ಮ್ಯಾಂಚೆಸ್ಟರಿನಲ್ಲಿ ಜಾರ್ಜ್ ರಾಚೆಸ್ಟರ್ ಮತ್ತು ಕ್ಲಿಫರ್ಡ್ ಬಟ್ಲರ್ ಪ್ರಕಟಿಸಿದ ಎರಡು ಚಿತ್ರಗಳು ಅಂಥವೇ. ಸುಮಾರು ಐದು ಸಾವಿರ ಚಿತ್ರಗಳಲ್ಲಿ ಸಿಕ್ಕ ಎರಡು. ಒಂದರಲ್ಲಿ ಸೀಸದ ಹಲಗೆಯ ಕೆಳಗೆ, ಬರಿಯ ಅನಿಲದಲ್ಲಿ, ಕವಲೊಂದು ತೆರೆದುಕೊಂಡಿತ್ತು. ಮೇಲಿನಿಂದ ಅದರೊಳಗೆ ಬಂದ ಗೆರೆ ಇರಲಿಲ್ಲ. ಅವರ ವಾದ ಹೀಗೆ: ಇದು ಯಾವುದೋ ಡಿಕ್ಕಿಯಿಂದ ಆದದ್ದಾದರೆ, ಅನಿಲದಲ್ಲಿ ಒಂದು ಸಿಕ್ಕಿದಾಗ ಅದಕ್ಕಿಂತ ಎಷ್ಟೋ ದಟ್ಟವಾದ ಸೀಸದಲ್ಲಿ ಅಂಥವು ನೂರಾರು ಸಿಗಬೇಕಿತ್ತು. ಸಿಕ್ಕಿರಲಿಲ್ಲ. ಆದ್ದರಿಂದ ಆವೇಶವಿಲ್ಲದ ಕಣವೊಂದು ತಾನಾಗಿಯೇ ಒಡೆದಿದೆ. ಅದನ್ನು ಈಗ ಕೇಯಾನ್ ಎನ್ನುತ್ತೇವೆ, ಸ್ಟ್ರೇಂಜ್ ಎಂಬ ಹೊಸ ಬಗೆಯ ಕಣಗಳ ಅಧ್ಯಾಯ ಅಲ್ಲಿಂದ ತೆರೆಯಿತು.

ನಿಮ್ಮ ಪೆಟ್ಟಿಗೆಯಲ್ಲಿ ಕವಲಿನ ಎರಡೂ ಗೆರೆಗಳು ದಪ್ಪಗಿದ್ದರೆ ಅದು ಕೇಯಾನ್ ಅಲ್ಲ, ಥೋರಾನ್. ಥೋರಾನ್ ಎಂದರೆ ಥೋರಿಯಂ ಸರಣಿಯ ರೇಡಾನ್ 220; ಅದು ಒಂದು ಆಲ್ಫಾ ಬಿಟ್ಟು ಪೊಲೋನಿಯಂ 216 ಆಗುತ್ತದೆ, ಈ ಪೊಲೋನಿಯಂನ ಅರ್ಧಾಯುಷ್ಯ ಸುಮಾರು 0.15 ಸೆಕೆಂಡ್. ಅಷ್ಟರಲ್ಲಿ ಅದು ದೂರ ಸರಿಯಲಾರದು, ಎರಡನೇ ಆಲ್ಫಾ ಅದೇ ಜಾಗದಿಂದ ಬೇರೆ ದಿಕ್ಕಿಗೆ ಹೊರಡುತ್ತದೆ. ಸೆಕೆಂಡಿಗೆ 60 ಫ್ರೇಮಿನ ವಿಡಿಯೊದಲ್ಲಿ ಒಂದೊಂದೇ ಫ್ರೇಮ್ ಸರಿಸಿ: ಒಂದು ಕೈ ಮೊದಲು ಮೂಡಿ, ಕೆಲವು ಫ್ರೇಮ್ ಬಿಟ್ಟು ಇನ್ನೊಂದು ಮೂಡಿದರೆ ಸಂಶಯವೇ ಬೇಡ. ಇದೂ ಚಿಕ್ಕ ಸಂಗತಿಯಲ್ಲ, ಒಂದೇ ಪರಮಾಣುವಿನ ಎರಡು ವಿಘಟನೆಗಳನ್ನು ಕಣ್ಣಾರೆ ಕಂಡಿದ್ದೀರಿ. ಥೋರಿಯಂ ಹುಡುಕಿಕೊಂಡು ಉಳ್ಳಾಲದ ಕಡಲತೀರದ ಮೊನಾಜೈಟ್ ಮರಳು ತರಲು ಹೋಗಬೇಡಿ. ಅದು ಪರಮಾಣು ಶಕ್ತಿ ಕಾಯ್ದೆಯಡಿ ನಿಯಂತ್ರಿತ ವಸ್ತು. ನೆಲಮಹಡಿಯ ಗಾಳಿಯಲ್ಲಿ ಇರುವಷ್ಟೇ ಸಾಕು.

ತೆಳು ಗೆರೆಗಳ ಕವಲಾದರೆ ಮೇಲುಕೆಳಗಿನ ಎರಡು ಬೇರೆ ಬೇರೆ ಗೆರೆಗಳು ನೋಟಕ್ಕೆ ಮಾತ್ರ ಕೂಡಿರುವ ಸಾಧ್ಯತೆಯೇ ಹೆಚ್ಚು. ಎರಡು ಮೊಬೈಲುಗಳನ್ನು 90 ಡಿಗ್ರಿ ಅಂತರದಲ್ಲಿ ಇಟ್ಟು ಒಟ್ಟಿಗೆ ಚಿತ್ರೀಕರಿಸಿ. ಒಂದರಲ್ಲಿ ಕೂಡಿ ಇನ್ನೊಂದರಲ್ಲಿ ಬೇರೆಯಾದರೆ ಅದನ್ನು ಅಲ್ಲಿಗೇ ಬಿಡಿ.

ಕೂಡಿದ ಗೆರೆಗಳು ಹೊಸ ಕಣದ ಕುರುಹೇ ಎಂಬ ಇದೇ ಪ್ರಶ್ನೆ ಕೋಲಾರದ ಚಿನ್ನದ ಗಣಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಎದ್ದಿತ್ತು. ಅಲ್ಲಿ 1950ರ ದಶಕದ ಆರಂಭದಿಂದ ಬಿ.ವಿ. ಶ್ರೀಕಂಠನ್ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಹೋದ್ಯೋಗಿಗಳು ಬೇರೆ ಬೇರೆ ಆಳದಲ್ಲಿ ಮ್ಯುಯಾನ್ ಎಣಿಸಿದರು. ಆಳಕ್ಕೆ ಹೋದಂತೆ ಮ್ಯುಯಾನುಗಳು ಬಂಡೆಯಲ್ಲಿ ಸೋತು ವಿರಳವಾಗುತ್ತವೆ. ಆ ಮೌನವೇ ನ್ಯೂಟ್ರಿನೊ, ಅಂದರೆ ವಸ್ತುವಿಗೆ ತೀರ ವಿರಳವಾಗಿ ತಾಗುವ ಆವೇಶವಿಲ್ಲದ ಕಣ, ಹುಡುಕಲು ತಕ್ಕ ಜಾಗ ಎಂದಾಗಿ, 1965ರಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಭಾರತ, ಜಪಾನ್, ಬ್ರಿಟನ್ನಿನ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹು ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಇನ್ನೊಂದು ತಂಡವೂ ಕಂಡಿತು. ಮುಂದಿನ ದಶಕದಲ್ಲಿ ಕೋಲಾರದಲ್ಲಿ ಕೆಲವು ವಿಚಿತ್ರ ಘಟನೆಗಳು ದಾಖಲಾದವು. ಗೆರೆಗಳನ್ನು ಹಿಂದಕ್ಕೆ ಎಳೆದರೆ ಅವು ಕೂಡುವ ಬಿಂದು ಬಂಡೆಯೊಳಗೆ ಬೀಳುವ ಬದಲು ಬಂಡೆಗೂ ಉಪಕರಣಕ್ಕೂ ನಡುವಿನ ಗಾಳಿಯಲ್ಲಿ ಬೀಳುತ್ತಿತ್ತು. ಬಂಡೆಯಲ್ಲಿ ಹುಟ್ಟಿ, ಸ್ವಲ್ಪ ದೂರ ಸಾಗಿ ಒಡೆಯುವ ಹೊಸ ಕಣ ಇರಬಹುದೆಂದು ತಂಡ ಸೂಚಿಸಿತು. ‘ಕೋಲಾರ್ ಇವೆಂಟ್ಸ್’ ಎಂದೇ ಅವು ಹೆಸರಾದವು. ಬೇರೆ ಪ್ರಯೋಗಗಳಲ್ಲಿ ಅಂಥ ಕಣ ಸಿಗಲಿಲ್ಲ, ಆದ್ದರಿಂದ ಅದು ಇವತ್ತಿಗೂ ಕಣಗಳ ಪಟ್ಟಿಯಲ್ಲಿಲ್ಲ. ಹಾಗಿದ್ದೂ ಆ ಘಟನೆಗಳನ್ನು ಅಳಿಸದೆ, ಅಳತೆಗಳ ಸಮೇತ ಪ್ರಕಟಿಸಿದ್ದು ಸರಿಯಾದ ಕೆಲಸ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ದಾಖಲೆ

ಕಣ್ಣಂದಾಜಿನ ಎಣಿಕೆಗೆ ಬೆಲೆಯಿಲ್ಲ. ಉದ್ದ ಗೆರೆ ಕಣ್ಣಿಗೆ ಬೀಳುತ್ತದೆ, ಚಿಕ್ಕದು ತಪ್ಪಿಹೋಗುತ್ತದೆ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಸಾಧ್ಯವಾದಷ್ಟು ನೇರ ಮೇಲಿನಿಂದ ಹಿಡಿಯಿರಿ, ಬಿಸಿನೀರಿನ ಚೀಲವನ್ನು ಒಂದು ಪಕ್ಕಕ್ಕೆ ಸರಿಸಿ. ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿ, ಇಲ್ಲದಿದ್ದರೆ ಪ್ರತಿ ದಪ್ಪ ಗೆರೆಗೂ ಕ್ಯಾಮೆರಾ ತಡಕಾಡುತ್ತದೆ. ಹಾಳೆಯ ಮೇಲೆ ಸ್ಟೀಲ್ ಸ್ಕೇಲ್ ಮಲಗಿಸಿಡಿ, ಉದ್ದ ಅಳೆಯಲು ಅದೇ ಆಧಾರ. ಐದೈದು ನಿಮಿಷದ ತುಂಡುಗಳಾಗಿ ಉಳಿಸಿ, ಪ್ರತಿ ತುಂಡಿಗೂ ದಪ್ಪ, ಅಂಕುಡೊಂಕು, ತೆಳು ನೇರ, ಕವಲು, ಗುರುತಾಗದ್ದು ಎಂದು ಐದು ಕಾಲಂ ತುಂಬಿ. ಕೊನೆಯ ಕಾಲಂ ಖಾಲಿ ಬಿಡುವ ಹಟಕ್ಕೆ ಬಿದ್ದು ಗೆರೆಗಳನ್ನು ಬೇರೆ ಕಾಲಂಗೆ ತಳ್ಳಬೇಡಿ. 100 ಎಣಿಸಿದರೆ ತಾನಾಗಿಯೇ ಇರುವ ಏರುಪೇರು ಸುಮಾರು 10, 25 ಎಣಿಸಿದರೆ 5, ವರ್ಗಮೂಲದ ಲೆಕ್ಕ. ಎರಡು ತುಂಡುಗಳ ನಡುವೆ 25 ಮತ್ತು 31 ಬಂದರೆ ಅದಕ್ಕೆ ಕಾರಣ ಹುಡುಕುವುದು ವ್ಯರ್ಥ.

ತೆಳು ನೇರ ಗೆರೆಗಳಲ್ಲಿ 3 ಸೆಂ.ಮೀ. ದಾಟಿದವು ಮತ್ತು 6 ಸೆಂ.ಮೀ. ದಾಟಿದವುಗಳನ್ನು ಬೇರೆ ಬೇರೆ ಎಣಿಸಿ. ಎಲ್ಲವೂ ಮೇಲಿನಿಂದ ಬಂದ ಮ್ಯುಯಾನುಗಳೇ ಆಗಿದ್ದರೆ ನಾಲ್ಕನೇ ಘಾತದ ಸೂತ್ರದ ಪ್ರಕಾರ ಮೊದಲನೆಯದು ಎರಡನೆಯದರ 16 ಪಟ್ಟು ಇರಬೇಕು. ನಿಮಗೆ 3 ಅಥವಾ 4 ಪಟ್ಟು ಮಾತ್ರ ಬಂದರೆ ಎಲೆಕ್ಟ್ರಾನುಗಳು ಎಷ್ಟು ಬೆರೆತಿವೆ ಎಂಬುದಕ್ಕೆ ಅದೇ ಅಳತೆ. ನೇರತೆಯ ಷರತ್ತನ್ನು ಬಿಗಿಮಾಡಿ ಅದೇ ವಿಡಿಯೊವನ್ನು ಮತ್ತೆ ಎಣಿಸಿ, ಅನುಪಾತ 16ರ ಕಡೆಗೆ ಏರುತ್ತದೆಯೇ ನೋಡಿ.

ಮುಗಿದ ಮೇಲೆ ಪೆಟ್ಟಿಗೆಯನ್ನು ಕೂಡಲೇ ಎತ್ತಬೇಡಿ, ಹಾಳೆ ಕೋಣೆಯ ತಾಪಮಾನಕ್ಕೆ ಬರಲಿ. ತಣ್ಣಗಿರುವಾಗಲೇ ಎಳೆದರೆ ಫೋಮ್ ಕಿತ್ತುಬರುತ್ತದೆ, ಗಾಜೂ ಸೀಳಬಹುದು. ಉಳಿದ ಡ್ರೈ ಐಸನ್ನು ಸಿಂಕಿಗೋ ಚರಂಡಿಗೋ ಹಾಕದೆ ಬಯಲಿನಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ತೆರೆದ ತಟ್ಟೆಯಲ್ಲಿಟ್ಟು ಹಾರಿಹೋಗಲು ಬಿಡಿ. ಫೆಲ್ಟನ್ನು ಹೊರಗೆ ನೆರಳಿನಲ್ಲಿ ಒಣಗಿಸಿ. ತಳದಲ್ಲಿ ಉಳಿದ ಆಲ್ಕೊಹಾಲನ್ನು ಬಾಟಲಿಗೆ ಮರಳಿ ಸುರಿಯಬೇಡಿ. ಅದು ಗಾಳಿಯ ನೀರು ಹೀರಿರುತ್ತದೆ, ಮುಂದಿನ ಸಲ ತಳದಲ್ಲಿ ಬಿಳಿ ಪದರ ಕಟ್ಟುವುದು ಅದರಿಂದಲೇ.